ಸುಣ್ಣದ ಗೀಟು

ಬೆಂಕಿಗೆ ಇನ್ನೆರಡು ತೊಗರಿಕಡ್ಡಿ ಹಾಕು ಮಗ. ಹಸಿ ನೀಲಗಿರಿ ಬೇಡ, ಹೊಗೆ ಕಣ್ಣಿಗೆ ಬರುತ್ತದೆ. ಗೆಣಸು ಬೂದಿಯೊಳಗೆ ಬೇಯುತ್ತಿರಲಿ, ಅಷ್ಟರಲ್ಲಿ ಹೇಳಿಬಿಡುತ್ತೇನೆ. ‘ನಮ್ಮ ಊರು’ ಅಂತ ಎರಡು ಪುಟ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ ಅಂದಿರಿ. ಆ ಎರಡು ಪುಟಕ್ಕೆ ಬೇಕಾದ್ದು ಬೇಗ ಮುಗಿಯುತ್ತದೆ. ಅದಾದ ಮೇಲೆ, ಹತ್ತು ವರ್ಷದವನಿದ್ದಾಗ ನನ್ನ ತಾತನ ಜೊತೆ ಅವರೆಕಾಯಿ ಗಾಡಿಯಲ್ಲಿ ಕೆಜಿಎಫ್‌ನ ಚಿನ್ನದ ಗಣಿಗೆ ಹೋಗಿದ್ದ ಒಂದು ದಿನದ ಕಥೆ ಹೇಳುತ್ತೇನೆ. ಅದನ್ನು ಬರೆಯುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ನನಗೆ ಮಾತ್ರ ಊರು ಅಂದ ಕೂಡಲೇ ನೆನಪಿಗೆ ಬರುವುದು ಆ ದಿನವೇ.

ಬರೆದುಕೊಳ್ಳಿ. ಕ್ಯಾಸಂಬಳ್ಳಿ, ಹೋಬಳಿ ಕೇಂದ್ರ. ನಾನು ಓದುವಾಗ ಬಂಗಾರಪೇಟೆ ತಾಲ್ಲೂಕು, ಈಗ ಕೆಜಿಎಫ್ ತಾಲ್ಲೂಕು, ಜಿಲ್ಲೆ ಕೋಲಾರ. ಬಂಗಾರಪೇಟೆಗೂ ಹಿಂದೆ ಬೇರೆ ಹೆಸರಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ದೊರೆಯ ಹೆಸರಲ್ಲಿ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಮೂಡಲಿಗೆ ಹೊರಟರೆ ಆಂಧ್ರದ ಗಡಿ, ಅದನ್ನು ದಾಟಿ ತೆಂಕಲಿಗೆ ತಿರುಗಿದರೆ ತಮಿಳುನಾಡು. ಹೀಗಾಗಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಪೇಟೆಯಲ್ಲಿ ತಮಿಳು. ಮೂರನ್ನೂ ಕಲಿತೆವು ಅಂತ ನಮಗೆ ಯಾವತ್ತೂ ಅನ್ನಿಸಲಿಲ್ಲ, ಅವು ತಾವಾಗಿಯೇ ನಾಲಗೆಗೆ ಬಂದುಬಿಟ್ಟವು. ಒಂದೇ ಕಾಯಿ ನೋಡಿ: ಇಲ್ಲಿ ಅವರೆಕಾಯಿ, ನಮ್ಮಜ್ಜಿಯ ಬಾಯಲ್ಲಿ ಅನಪಕಾಯ, ಗಣಿ ಕೆಲಸಗಾರರ ಮನೆಗಳಿಗೆ ಹೋದರೆ ಮೊಚ್ಚಕ್ಕಾಯಿ. ನೆನೆಹಾಕಿ ಸಿಪ್ಪೆ ಹಿತಕಿದರೆ ನಮಗೆ ಹಿತಕಿದಬೇಳೆ, ಅಜ್ಜಿಗೆ ಪಿತಿಕಿನ ಪಪ್ಪು. ಸಾರಿನ ಘಮ ಮಾತ್ರ ಮೂರು ಮನೆಯಲ್ಲೂ ಒಂದೇ.

ನದಿ ಅಂತ ಕೇಳಿದರೆ ಪಾಲಾರ್ ಅಂತ ಬರೆಯಿರಿ. ಆದರೆ ಈ ಸೀಮೆಯನ್ನು ಸಾಕಿದ್ದು ನದಿಯಲ್ಲ, ಕೆರೆ. ರಾಗಿ ಹೊಲ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಮೇಲಿನ ಬರಡು ನೆಲಕ್ಕೆ ಹುರುಳಿ, ಬದುವಿನಲ್ಲಿ ಹುಣಸೆಮರ. ಈಗ ಟೊಮೆಟೊ ಬಂದಿದೆ, ಹಿಪ್ಪುನೇರಳೆ ಬಂದಿದೆ, ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಹಾಲಿನ ಕ್ಯಾನು ಸಾಲುಗಟ್ಟುತ್ತವೆ. ನೀರಿಗಾಗಿ ಸಾವಿರ ಅಡಿ ದಾಟಿ ಬೋರ್ ಕೊರೆಸಿದವರು ನಮ್ಮ ಸುತ್ತಲಲ್ಲೇ ಎಷ್ಟು ಜನ! 2021ರ ನವೆಂಬರಿನಲ್ಲಿ ಮಳೆ ಹಿಡಿದು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದೆನಲ್ಲ, ನೆನಪಿದೆಯಾ? ನಾನು ಅತ್ತಿದ್ದನ್ನು ನೋಡಿ ನೀವು ಹೆದರಿದ್ದಿರಿ. ಅವತ್ತು ದುಃಖಕ್ಕೆ ಅತ್ತದ್ದಲ್ಲ.

ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿ ಬರೆಯಿರಿ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ನಮ್ಮೂರಿನವರು. ಕೆ.ಸಿ. ರೆಡ್ಡಿ ಅಂತ ಪಾಠದಲ್ಲಿ ಓದುತ್ತೀರಿ. ಆ ‘ಕೆ’ ಅಂದರೆ ಕ್ಯಾಸಂಬಳ್ಳಿ, ‘ಸಿ’ ಅಂದರೆ ಚೆಂಗಲರಾಯ. ಹುಟ್ಟಿದ್ದು 1902ರ ಮೇ 4. ಕಾನೂನು ಓದಿದರು, ಪ್ರಜಾಪಕ್ಷ ಕಟ್ಟಿದರು, ಮುಂದೆ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಹದಿನೈದನೇ ಆಗಸ್ಟ್ ಕಳೆದರೂ ಮಹಾರಾಜರ ಸರ್ಕಾರ ಜನರ ಕೈಗೆ ಬರಲಿಲ್ಲ ಅಂತ ಮೈಸೂರು ಚಲೋ ನಡೆಯಿತು. ಆಮೇಲೆಯೇ, 1947ರ ಅಕ್ಟೋಬರ್ 25ರಂದು, ಅವರು ಅಧಿಕಾರ ವಹಿಸಿಕೊಂಡದ್ದು. 1952ರ ಮಾರ್ಚ್‌ವರೆಗೆ ಇದ್ದರು. ನಂತರ ನೆಹರೂ ಸಂಪುಟದಲ್ಲಿ ಮಂತ್ರಿ, ಅದಾದ ಮೇಲೆ ಮಧ್ಯಪ್ರದೇಶದ ರಾಜ್ಯಪಾಲ. ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಸಿಗದೇ ಇರುವುದು ನನ್ನ ತಾತ ಹೇಳುತ್ತಿದ್ದ ಮಾತು: “ಅದೇ ವರ್ಷ ಎರಡು ಬೆಳಕು ಹುಟ್ಟಿದವು ಕಣೋ. ಒಂದು ನಮ್ಮೂರಲ್ಲಿ, ಇನ್ನೊಂದು ಗಣಿಯಲ್ಲಿ.” ತಾತ ಹೇಳಿದ್ದು ಸರಿಯೇ. 1902ರ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿಯ ಮೇಲೆ ಕರೆಂಟು ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ಗಣಿಯ ಪಕ್ಕದಲ್ಲೇ ಇದ್ದ ನಮ್ಮಂಥ ಹಳ್ಳಿಗಳು ಎಷ್ಟೋ ಕಾಲ ಬುಡ್ಡಿದೀಪದಲ್ಲೇ ಇದ್ದವು.

ಆ ಬೆಳಕು ನಮಗೆ ಕಾಣುತ್ತಿತ್ತು. ಅಮಾವಾಸ್ಯೆಯ ರಾತ್ರಿ ಕೆರೆ ಏರಿ ಹತ್ತಿ ನಿಂತರೆ ಪಡುವಲ ಆಕಾಶದ ಅಂಚು ಹಾಲು ಚೆಲ್ಲಿದಂತೆ ಬೆಳ್ಳಗಿರುತ್ತಿತ್ತು. ತಾತ ಅತ್ತ ಕೈ ತೋರಿಸಿ, “ನೀರು ಬೇತಮಂಗಲದ್ದು, ಬೆಳಕು ಶಿವನಸಮುದ್ರದ್ದು, ಸೊಪ್ಪು ಕಾಯಿ ಹಾಲು ನಮ್ಮದು, ಚಿನ್ನ ಲಂಡನ್ನಿನದ್ದು” ಅನ್ನುತ್ತಿದ್ದರು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲ ಕಂಡವರು ಅವರು. ಗಣಿ ಸರ್ಕಾರದ್ದಾದ ಮೇಲೂ ಅವರ ಬಾಯಲ್ಲಿ ಅದು ‘ಕಂಪನಿ’ಯೇ.

ಈಗ ಆ ದಿನದ ವಿಷಯ.

ಮಾರ್ಗಶಿರ ಮಾಸ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಏರುತ್ತದೆ ಅಂತ ನಿಮಗೇ ಗೊತ್ತು. ಹಿಂದಿನ ದಿನ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಮನೆಮಂದಿಯೆಲ್ಲ ಕಾಯಿ ಬಿಡಿಸಿ ಗೋಣಿಚೀಲಕ್ಕೆ ತುಂಬಿದ್ದೆವು. ಬೆರಳಿಗೆ ಹತ್ತಿದ ಆ ಸೊಗಡು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಿರಲಿಲ್ಲ. ನಡುರಾತ್ರಿಗೆ ಗಾಡಿ ಕಟ್ಟಿದರು. ಎಂಟು ಚೀಲ, ಒಂದು ಮಂಕರಿ ಹುಣಸೆಹಣ್ಣು, ಮೇಲೆ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಗಾಡಿಯ ಅಚ್ಚಿಗೆ ಕಂದೀಲು ಕಟ್ಟಿದ್ದರು. ಅದು ತೂಗಾಡಿದಂತೆಲ್ಲ ಎತ್ತಿನ ಕಾಲುಗಳ ನೆರಳು ರಸ್ತೆಬದಿಯ ಹೊಂಗೆಮರದ ಎತ್ತರಕ್ಕೆ ಬೆಳೆದು ಮತ್ತೆ ಕುಗ್ಗುತ್ತಿತ್ತು. ಎತ್ತುಗಳ ಜೊತೆ ತಾತ ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. “ಪದರಾ, ಪದರಾ” ಅಂದರೆ ಸಾಕು, ಚಾವಟಿ ಬೇಕಿರಲಿಲ್ಲ.

ಎಚ್ಚರವಾದಾಗ ಬೆನ್ನ ಹಿಂದೆ ಬೆಳ್ಳಿ ಮೂಡಿತ್ತು. ಮುಂದೆ ಕಂಡದ್ದನ್ನು ನೋಡಿ ನಾನು ಎದ್ದು ಕುಳಿತೆ. ಬೂದುಬಣ್ಣದ ದೊಡ್ಡ ದಿಬ್ಬಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಗುಡ್ಡ ಅಂದುಕೊಂಡೆ. “ಗುಡ್ಡ ಅಲ್ಲ, ಸೈನೈಡ್ ದಿಬ್ಬ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು. ಹತ್ತಬೇಡ, ಬಾಯಿಗೆ ಹಾಕಬೇಡ” ಅಂದರು ತಾತ. ದಿಬ್ಬಗಳ ಆಚೆ ಕಬ್ಬಿಣದ ಗೋಪುರಗಳು, ಅವುಗಳ ನೆತ್ತಿಯಲ್ಲಿ ದೊಡ್ಡ ಚಕ್ರಗಳು. ಚಕ್ರ ತಿರುಗಿದರೆ ಕೆಳಗೆ ಕೇಜು ಇಳಿಯುತ್ತಿದೆ ಅಥವಾ ಏರುತ್ತಿದೆ ಅಂತ ಅರ್ಥ. ದಾರಿಯಲ್ಲಿ ಎದುರಾದ ಗಂಡಸರೆಲ್ಲ ಟಿಫಿನ್ ಡಬ್ಬಿ ಹಿಡಿದು ಬೆಳಗಿನ ಪಾಳಿಗೆ ಹೊರಟವರು. ಮಾತಿಲ್ಲ, ಬರೀ ಹೆಜ್ಜೆ ಸದ್ದು.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಐದು ಚೀಲ ಇಳಿಸಿದೆವು. ಉಳಿದದ್ದು ಲೈನಿಗೆ. ಗಣಿ ಕೆಲಸಗಾರರ ಮನೆಗಳನ್ನು ಲೈನು ಅನ್ನುತ್ತಿದ್ದರು. ಒಂದಕ್ಕೊಂದು ಅಂಟಿದ ಸಣ್ಣ ಮನೆಗಳ ಸಾಲು. ಕೆಲವಕ್ಕೆ ಇನ್ನೂ ಬಿದಿರುತಟ್ಟಿಯ ಗೋಡೆ. ಅಲ್ಲಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಅಜ್ಜ ಮುತ್ತಜ್ಜರ ಕಾಲದಲ್ಲಿ ಬಂದ ದಲಿತ ಕುಟುಂಬಗಳವರು. ಆ ಲೈನಿನ ಕೊನೆಯಲ್ಲಿ ಒಬ್ಬ ಅಕ್ಕನ ಮನೆ. ಹೆಸರು ಹೇಳುವುದಿಲ್ಲ, ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅವರು ವಾರವಾರ ಸೇರು ಲೆಕ್ಕದಲ್ಲಿ ಕಾಯಿ ಕೊಳ್ಳುತ್ತಿದ್ದರು, ದುಡ್ಡು ಸಂಬಳದ ದಿನ. ಲೆಕ್ಕ ಬರೆಯುತ್ತಿದ್ದದ್ದು ಬಾಗಿಲ ಚೌಕಟ್ಟಿನ ಮೇಲೆ. ಎಲೆಅಡಿಕೆ ಡಬ್ಬಿಯ ಸುಣ್ಣವನ್ನು ಬೆರಳ ತುದಿಗೆ ತೆಗೆದು, ಸೇರಿಗೆ ಒಂದು ಗೀಟು. ಆ ದಿನ ಏಳು ಗೀಟುಗಳಿದ್ದವು. ನನಗೆ ಆಗ ಎಣಿಸುವ ಹುಚ್ಚು, ಹಾಗಾಗಿ ಚೆನ್ನಾಗಿ ನೆನಪಿದೆ.

ಇನ್ನೊಂದನ್ನೂ ಮುಚ್ಚಿಡಬಾರದು. ತಾತ ಯಾವತ್ತೂ ಆ ಹೊಸ್ತಿಲ ಆಚೆಯೇ ನಿಂತು ಕಾಯಿ ಅಳೆಯುತ್ತಿದ್ದರು. ಆ ಅಕ್ಕ ನೀರು ಬೇಕಾ ಅಂತ ಕೇಳುತ್ತಲೂ ಇರಲಿಲ್ಲ, ಕೇಳಿದರೆ ಕುಡಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಊರಲ್ಲಿ ಯಾವ ಗೆರೆ ಇತ್ತೋ ಅದೇ ಗೆರೆ ಗಾಡಿಯ ಹಿಂದೆ ಅಲ್ಲಿಯವರೆಗೂ ಬಂದಿತ್ತು. ನಿಮಗೆ ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ತಾತ ಎಂಟನೇ ಸೇರನ್ನು ಅಳೆಯುತ್ತಿದ್ದರು. ಮೊದಲು ಎತ್ತುಗಳು ತಲೆ ಎತ್ತಿದವು. ಆಮೇಲೆ ಕಾಲ ಕೆಳಗಿನಿಂದ ಒಂದು ಗುದ್ದು. ಸದ್ದಲ್ಲ, ಗುದ್ದು. ನೆಲದೊಳಗೆ ಯಾರೋ ಒನಕೆ ಎತ್ತಿ ಹಾಕಿದ ಹಾಗೆ. ಸೇರಿನಲ್ಲಿದ್ದ ಅವರೆಕಾಯಿ ಚದುರಿ ಬಿತ್ತು, ಒಳಗೆ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಸೂರಿನಿಂದ ಹೆಂಚಿನ ಚೂರು ನನ್ನ ಹೆಗಲಿಗೆ ಬಿತ್ತು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಲ್ಲಿಗೂ ಭಾರ ಹೊರುವುದಕ್ಕೆ ಒಂದು ಮಿತಿ ಇರುತ್ತದೆ ಮಕ್ಕಳೇ. ಹತ್ತು ಸಾವಿರ ಅಡಿಗೂ ಆಳಕ್ಕೆ ಹೋದ ಗಣಿ ಅದು. ಅದಿರು ತೆಗೆದ ಜಾಗ ಟೊಳ್ಳಾಗುತ್ತದೆ, ಮೇಲಿನ ಭಾರವೆಲ್ಲ ಅಕ್ಕಪಕ್ಕದ ಬಂಡೆಯ ಮೇಲೆ ಕೂರುತ್ತದೆ. ಟೊಳ್ಳಿಗೆ ಗ್ರಾನೈಟ್ ಗೋಡೆ ಕಟ್ಟುತ್ತಿದ್ದರು, ಆಮೇಲೆ ಕಾಂಕ್ರೀಟೂ ತುಂಬಿದರು. ಆದರೂ ಒಂದು ಗಳಿಗೆ ಬಂಡೆ ತಾಳಲಾರದೆ ಸಿಡಿಯುತ್ತದೆ. ಹಳಬರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು, ನಮ್ಮ ಕಾಲಕ್ಕೆ ಬರ್ಸ್ಟ್ ಅನ್ನುತ್ತಿದ್ದರು. ಮೇಲೆ ಮಲಗಿದ್ದ ಮಗುವಿನ ತೊಟ್ಟಿಲು ಅಲ್ಲಾಡಿದರೆ ಕೆಳಗೆ ಏನಾಗಿರಬಹುದು ಅಂತ ಲೈನಿನ ಹೆಂಗಸರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಯಾರೂ ಕಿರುಚಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಎಲ್ಲ ಬಾಗಿಲುಗಳಿಂದ ಹೆಂಗಸರು ಹೊರಬಂದರು, ಒಬ್ಬರ ಕೈಯಲ್ಲಿ ಸೌಟು, ಒಬ್ಬರ ಕೈಗೆ ದೋಸೆಹಿಟ್ಟು ಮೆತ್ತಿತ್ತು. ಎಲ್ಲರೂ ಒಂದೇ ಕಡೆ ನೋಡಿದರು, ಗೋಪುರದ ನೆತ್ತಿಯ ಚಕ್ರದ ಕಡೆಗೆ. ಚಕ್ರ ನಿಂತಿತ್ತು. ಆ ಅಕ್ಕ ಒಳಗೆ ಹೋಗಿ, ಒಲೆಯ ಬೆಂಕಿಗೆ ನೀರು ಎರಚಿ, ಒಂದು ಬಿಂದಿಗೆ ನೀರು ಸೊಂಟಕ್ಕೆ ಇಟ್ಟುಕೊಂಡು ಹೊರಟರು. ತಾತ ಎತ್ತು ಬಿಚ್ಚಿ ಕಂಬಕ್ಕೆ ಕಟ್ಟಿ, ನನ್ನ ಕೈ ಹಿಡಿದು ಅವರ ಹಿಂದೆಯೇ ನಡೆದರು. ಚೀಲಗಳನ್ನು ಬೀದಿಯಲ್ಲೇ ಬಿಟ್ಟು ಬಂದೆವು. ಸಂಜೆ ಹಿಂತಿರುಗಿದಾಗ ಒಂದು ಕಾಯಿಯೂ ಕಡಿಮೆಯಾಗಿರಲಿಲ್ಲ.

ಶಾಫ್ಟಿನ ಗೇಟಿನ ಮುಂದೆ ಜನ. ನಮ್ಮಂತೆ ಕಾಯಿ ಮಾರಲು ಬಂದವರು, ಹಾಲಿನವರು, ಚರ್ಚಿನ ಫಾದರ್ ಒಬ್ಬರು, ಮಸೀದಿ ಕಡೆಯ ಹಿರಿಯರು. ಕಾಯುವುದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಅಲ್ಲಿಯೇ. ಬಿಸಿಲು ಏರಿತು. ಗೇಟಿನೊಳಗೆ ಯಾರಾದರೂ ನಡೆದರೆ ಸಾಕು, ಇಡೀ ಗುಂಪು ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಒಬ್ಬ ಮುದುಕಿ ಕಣ್ಣು ಮುಚ್ಚಿ ಸೆರಗಿನ ತುದಿಗೆ ಗಂಟು ಹಾಕುತ್ತ, ಬಿಚ್ಚುತ್ತ ಕುಳಿತಿದ್ದರು. ಆಳದಲ್ಲಿ ಬಂಡೆಯೇ ಅರವತ್ತು ಡಿಗ್ರಿ ದಾಟಿ ಕಾಯ್ದಿರುತ್ತದೆ, ತಂಪುಗಾಳಿ ಮೇಲಿಂದ ಕಳಿಸಬೇಕು. ಗಾಳಿ ಯಂತ್ರ ಓಡುತ್ತಿದೆಯಾ ಅಂತ ಒಬ್ಬರು ನೆಲಕ್ಕೆ ಕಿವಿಯಿಟ್ಟು ಕೇಳಿದರು.

ಮೊಮ್ಮಗಳೇ, ನೀನು ಭೌತಶಾಸ್ತ್ರ ಓದುತ್ತೀಯಲ್ಲ, ನಿನಗಾಗಿ ಒಂದು ಮಾತು ನಡುವೆ ಹೇಳುತ್ತೇನೆ. ಇದೇ ಗಣಿಗಳ ಆಳದಲ್ಲಿ, ಚಾಂಪಿಯನ್ ರೀಫ್ ಕಡೆ, 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋ ಹಿಡಿದರು. ಟಾಟಾ ಸಂಶೋಧನಾ ಸಂಸ್ಥೆಯವರು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ ಕೆಲಸ. ಅಷ್ಟು ಕಲ್ಲು ತಲೆಯ ಮೇಲಿದ್ದರೆ ಬೇರೆ ಕಣಗಳ ಗಲಾಟೆ ಹೆಚ್ಚಾಗಿ ಕೆಳಗೆ ಇಳಿಯುವುದಿಲ್ಲವಂತೆ. ಅಷ್ಟೇ ಕಲ್ಲಿನ ಕೆಳಗೆ ಆ ಅಕ್ಕನ ಗಂಡ ಇದ್ದರು.

ಮಧ್ಯಾಹ್ನ ದಾಟಿತ್ತು. ನನಗೆ ನಾಲಗೆ ಒಣಗಿತ್ತು, ಕೇಳಲು ಹೆದರಿಕೆ. ಅಕ್ಕ ನೋಡಿದರು. ಬಿಂದಿಗೆ ಬಗ್ಗಿಸಿ ಲೋಟಕ್ಕೆ ನೀರು ತುಂಬಿ ನನ್ನ ಕಡೆ ಚಾಚಿದರು. ಚಾಚಿದ ಮೇಲೆ ಕೈ ಅರ್ಧದಲ್ಲೇ ನಿಂತಿತು, ಕಣ್ಣು ತಾತನ ಮುಖಕ್ಕೆ ಹೋಯಿತು. ನಾನೂ ತಾತನನ್ನೇ ನೋಡಿದೆ. ತಾತ ಲೋಟ ತೆಗೆದುಕೊಂಡು ನನಗೆ ಕೊಟ್ಟರು. ನಾನು ಕುಡಿದ ಮೇಲೆ ಲೋಟವನ್ನು ಹಿಂದಕ್ಕೆ ಚಾಚಿ, “ನನಗೂ ಹಾಕಮ್ಮ” ಅಂದರು. ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದರು. ಮನೆಗೆ ಬಂದ ಮೇಲೆ ಅಜ್ಜಿಗೆ ನಾನು ಹೇಳಲಿಲ್ಲ, ತಾತನೇ ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಗುಂಪಿನಲ್ಲಿ ಯಾರೋ ಉಸಿರೆಳೆದುಕೊಂಡರು. ಚಕ್ರ ಅಲ್ಲಾಡಿತು. ಒಂದು ಸುತ್ತು, ಎರಡು ಸುತ್ತು, ಆಮೇಲೆ ಕಡ್ಡಿಗಳು ಕಾಣದ ಹಾಗೆ ತಿರುಗಿತು. ಈ ಚಕ್ರಗಳನ್ನು ನೀವು ತಿರುಗುವಾಗ ನೋಡಿಲ್ಲ. ಕೊನೆಕೊನೆಗೆ ಟನ್ನುಗಟ್ಟಲೆ ಕಲ್ಲು ಅರೆದರೂ ಸಿಗುತ್ತಿದ್ದ ಚಿನ್ನ ಟನ್ನಿಗೆ ಮೂರು ಗ್ರಾಮಿನ ಆಸುಪಾಸು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಲೈನಿನ ಮಕ್ಕಳು ಈಗ ಕತ್ತಲಲ್ಲೇ ಎದ್ದು ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಬರುತ್ತಾರೆ. ನಮ್ಮೂರಿನ ಹುಡುಗರೂ ಅದೇ ರೈಲಿಗೆ ಓಡುತ್ತಾರೆ. ಗಣಿಯವರು ಅವರೆಕಾಯಿ ಕೊಳ್ಳುತ್ತಾರೆ ಅಂತ ನಂಬಿ ಸಾಲು ಬಿತ್ತುವ ಕಾಲ ಹೋಯಿತು. ಅಷ್ಟು ಜನರನ್ನು ಒಂದೇ ದಿನ ಬೀದಿಗೆ ಬಿಟ್ಟದ್ದು ಸರಿಯಲ್ಲ ಅಂತ ನಾನು ಇವತ್ತಿಗೂ ಅನ್ನುತ್ತೇನೆ.

ಆ ಸಂಜೆ ಚಕ್ರ ತಿರುಗಿ ಕೇಜು ಮೇಲೆ ಬಂತು. ಒಳಗಿದ್ದವರೆಲ್ಲ ಒಂದೇ ಬಣ್ಣ, ತಲೆಯಿಂದ ಕಾಲಿನವರೆಗೆ ಬೂದು. ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ. ಗೇಟಿನ ಹತ್ತಿರವಿದ್ದ ಒಬ್ಬರು ನೋಡಿ ನೋಡಿ ಹಿಂದಕ್ಕೆ ಕೂಗಿ ಹೇಳುತ್ತಿದ್ದರು, ಮೊದಲು ಹೆಸರು, ಆಮೇಲೆ ಒಂದೇ ಒಂದು ಶಬ್ದ: “ಇರುಕ್ಕಾರ್.” ಇದ್ದಾರೆ. ಆ ಶಬ್ದ ಬಾಯಿಂದ ಬಾಯಿಗೆ ಹಿಂದಿನ ಸಾಲಿನವರೆಗೆ ಹರಿಯುತ್ತಿತ್ತು. ಮೂರನೇ ಕೇಜಿನಲ್ಲಿ ಆ ಅಕ್ಕನ ಮನೆಯವರ ಹೆಸರು ಬಂತು. ಎಡಗೈಗೆ ಬಟ್ಟೆ ಸುತ್ತಿತ್ತು, ನಡೆದೇ ಬಂದರು. ಅಕ್ಕ ಅಳಲಿಲ್ಲ. ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ಅವರ ತಲೆಯ ಮೇಲೆ ಸುರಿದರು. ಬೂದಿ ಇಳಿದು ಹಣೆ ಕಂಡಿತು, ಹುಬ್ಬು ಕಂಡಿತು, ಆಮೇಲೆ ಕಣ್ಣು. ಆ ಪಾಳಿಯವರೆಲ್ಲ ಕತ್ತಲಾಗುವ ಮುಂಚೆ ಮೇಲೆ ಬಂದರು. ಎಲ್ಲ ಸಲವೂ ಹಾಗಾಗುತ್ತಿರಲಿಲ್ಲ.

ಅಕ್ಕನ ಮನೆಗೆ ವಾಪಸ್ಸು ಬಂದೆವು. ಅಕ್ಕನ ಗಂಡ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತರು, ಅಕ್ಕಪಕ್ಕದವರು ಸುತ್ತುವರಿದರು. ತಾತ ಬಾಗಿಲ ಬಳಿ ನಿಂತಿದ್ದರು. ಹೆಗಲ ಟವಲಿನ ತುದಿಯನ್ನು ಒದ್ದೆ ಮಾಡಿಕೊಂಡು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಚೌಕಟ್ಟಿನ ಮೇಲಿದ್ದ ಏಳೂ ಗೀಟುಗಳನ್ನು ಒರೆಸಿಬಿಟ್ಟರು. ಆ ಮನೆಗೆ ಕೊಡಲು ತಾತನಿಗೆ ಬೇರೇನೂ ತೋಚಿರಲಿಲ್ಲ.

ಅಕ್ಕ ಒಳಗಿನಿಂದ ನೋಡಿದ್ದರು. ಹೊರಗೆ ಬಂದರು. ದನಿ ಏರಿಸಲಿಲ್ಲ, ಅರ್ಧ ತಮಿಳು ಅರ್ಧ ತೆಲುಗಿನಲ್ಲಿ ಹೇಳಿದರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ: “ಯಾಕಪ್ಪ ಒರೆಸಿದಿರಿ? ಸಾಲ ಅಳಿಸೋದು ಸಾವಾದ ಮನೇಲಿ. ಇಲ್ಲಿ ಆಳು ಎದ್ದು ಬಂದು ಕೂತಿದಾನೆ.” ಗೂಡಿನಿಂದ ಎಲೆಅಡಿಕೆ ಡಬ್ಬಿ ತೆಗೆದರು. ಬೆರಳ ತುದಿಗೆ ಸುಣ್ಣ ಹಚ್ಚಿಕೊಂಡು ಅದೇ ಜಾಗದಲ್ಲಿ ಏಳು ಗೀಟು ಎಳೆದರು. ಆಮೇಲೆ ಬೀದಿಯಲ್ಲಿ ಚದುರಿದ್ದ ಕಾಯಿಯನ್ನು ನನ್ನ ಕೈಲಿ ಆಯಿಸಿ, ತಾತನ ಸೇರಿಗೆ ತುಂಬಿಸಿ, ತಲೆ ಕಟ್ಟಿಸಿ ಅಳೆಸಿಕೊಂಡು, ಎಂಟನೆಯ ಗೀಟನ್ನೂ ಎಳೆದರು.

ತಾತ ಒಂದು ಮಾತೂ ಆಡಲಿಲ್ಲ. ಗಾಡಿ ಕಟ್ಟಿದರು. ಈ ಸಲ ಬೆಳಕೆಲ್ಲ ಬೆನ್ನ ಹಿಂದೆ, ಮುಂದೆ ಬರೀ ಕತ್ತಲೆ. ದಾರಿಯುದ್ದಕ್ಕೂ ಎತ್ತುಗಳಿಗೂ “ಪದರಾ” ಅನ್ನಲಿಲ್ಲ, ಅವು ಊರಿನ ದಾರಿ ಬಲ್ಲವು. ಕೆರೆ ಏರಿ ಹತ್ತಿದಾಗ ಮಾತ್ರ, ನಾನು ಎಚ್ಚರವಾಗಿದ್ದೇನೆ ಅಂತ ಗೊತ್ತಾಗಿ, “ಮಗೂ, ನಾನು ಅವಳಿಗೆ ಅಪಶಕುನ ಮಾಡಿಬಿಟ್ಟೆ ಕಣೋ” ಅಂದರು.

ಸಂಬಳದ ದಿನ ಹಟ ಮಾಡಿ ನಾನೂ ಹೋದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಗೀಟುಗಳನ್ನು ಬೆರಳಿಟ್ಟು ಎಣಿಸಿ, ಸೆರಗಿನ ಗಂಟು ಬಿಚ್ಚಿ, ಎಂಟು ಸೇರಿನ ದುಡ್ಡನ್ನು ತಾತನ ಅಂಗೈಗೆ ಹಾಕಿದರು. ತಾತ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಹಿಡಿದಿದ್ದರು. ಆಮೇಲೆ ಅಕ್ಕನೇ ಒದ್ದೆ ಬಟ್ಟೆ ತಂದು ಚೌಕಟ್ಟನ್ನು ಒರೆಸಿದರು. ತಾತ ಹೊಸ್ತಿಲು ದಾಟಿ ಒಳಗೆ ಹೋಗಿ ಕುಳಿತರು, ಅವರ ಮನೆಯವರ ಕೈ ಹೇಗಿದೆ ಅಂತ ಕೇಳಿದರು.

ಗೆಣಸು ಬೆಂದಿರಬೇಕು, ತೆಗೆಯಿರಿ.